ಬೀಸುವ ಕಲ್ಲಿನ ಜೊತೆಗೆ ಏನೇನು ಹೋಯಿತು? ಹಳೆಯ ಬದುಕನ್ನೂ ಹೊಸ ಯಂತ್ರಗಳನ್ನೂ ಮನೆಯಲ್ಲೇ ತೂಗಿನೋಡುವ ಕ್ರಮ

ನನ್ನ ಅಜ್ಜಿ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲಿನ ಮುಂದೆ ಕೂತು, ಮನೆಯ ಹತ್ತು ಹನ್ನೆರಡು ಮಂದಿಯ ಆ ದಿನದ ಮುದ್ದೆಗೆ ಬೇಕಾದ ಹಿಟ್ಟನ್ನು ಬೀಸಿದ ಮೇಲೆಯೇ ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನವನ್ನು ಅವರು ಕೊನೆಯವರೆಗೂ ಹಬ್ಬದ ದಿನದಂತೆ ನೆನೆಯುತ್ತಿದ್ದರು. ಅದೇ ಉಸಿರಿನಲ್ಲಿ, ಕಲ್ಲು ಮೂಲೆ ಸೇರಿದ ಮೇಲೆ ಬೀಸುವ ಪದಗಳೂ ಮರೆತುಹೋದವು, ಎದುರು ಕೂತು ಕೈಗೂಡಿಸುತ್ತಿದ್ದ ಓರಗಿತ್ತಿಯೊಡನೆ ಮನಸ್ಸು ಬಿಚ್ಚಿ ಮಾತಾಡುವ ಹೊತ್ತೂ ಹೋಯಿತು ಎಂದು ಹೇಳುತ್ತಿದ್ದರು. ಅವರ ಎರಡು ಮಾತೂ ನಿಜ.

ಹಿಂದಿನವರು ಆರೋಗ್ಯವಾಗಿದ್ದರು, ಯಂತ್ರಗಳು ಬಂದು ಎಲ್ಲವನ್ನೂ ಕೆಡಿಸಿದವು ಎನ್ನುವವರು ಅಜ್ಜಿಯ ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡಿರುತ್ತಾರೆ. ಹಳೆಯದೆಲ್ಲ ಬರೀ ಕಷ್ಟ ಎನ್ನುವವರು ಮೊದಲನೆಯದನ್ನಷ್ಟೇ. ಮನೆಗೆ ಬಂದ ಪ್ರತಿಯೊಂದು ಸಾಧನವೂ ಒಂದು ನೋವನ್ನು ತೆಗೆಯಿತು, ಆ ನೋವಿಗೆ ಅಂಟಿಕೊಂಡಿದ್ದ ಯಾವುದೋ ಒಂದು ಒಳಿತನ್ನೂ ಅದರ ಜೊತೆಗೇ ಹೊತ್ತೊಯ್ದಿತು ಎಂಬುದು ನನ್ನ ತಿಳಿವಳಿಕೆ. ಆ ನೋವನ್ನು ಮರಳಿ ಕರೆಯದೆ, ಒಳಿತನ್ನು ಮಾತ್ರ ಬೇರೆ ದಾರಿಯಲ್ಲಿ ಮನೆಗೆ ತಂದುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಮನೆಯ ಅಥವಾ ನೆರೆಯ ಹಿರಿಯರೊಬ್ಬರು, ಮತ್ತು ಸುಮಾರು ಎರಡು ತಿಂಗಳ ತಾಳ್ಮೆ.

ಕೆಲಸ ಮಾಡಿದವರನ್ನೇ ಕೇಳಿ

ನೋಟ್‌ಬುಕ್ಕಿನ ಒಂದೊಂದು ಹಾಳೆಯ ಮೇಲೆ ಒಂದೊಂದು ಜೋಡಿಯನ್ನು ಬರೆಯಿರಿ: ಸೌದೆ ಒಲೆ ಮತ್ತು ಗ್ಯಾಸ್, ಸೇದುವ ಬಾವಿ ಮತ್ತು ನಲ್ಲಿ, ಒರಳುಕಲ್ಲು ಮತ್ತು ಮಿಕ್ಸಿ, ಎಣ್ಣೆ ದೀಪ ಮತ್ತು ವಿದ್ಯುತ್ತು, ಜಗಲಿ ಮತ್ತು ಫೋನು. ಪ್ರತಿ ಜೋಡಿಯ ಕೆಳಗೆ ಹೋದ ನೋವು, ಹೋದ ಒಳಿತು ಎಂಬ ಎರಡು ಸಾಲುಗಳಿಗೆ ಜಾಗ ಬಿಡಿ. ಐದಾರು ಜೋಡಿಗಿಂತ ಹೆಚ್ಚು ಬೇಡ.

ಈ ಸಾಲುಗಳನ್ನು ನೀವೇ ಊಹಿಸಿ ತುಂಬಬಾರದು. ಆ ಕೆಲಸವನ್ನು ತಮ್ಮ ಕೈಯಿಂದ ಮಾಡಿದವರನ್ನು ಕೇಳಿ ತುಂಬಬೇಕು, ಮತ್ತು ನಮ್ಮ ಮನೆಗಳಲ್ಲಿ ಅದು ಬಹುಮಟ್ಟಿಗೆ ಹೆಂಗಸರು. ಒರಳಿನಲ್ಲಿ ರುಬ್ಬಿದ ಚಟ್ನಿಯ ರುಚಿ ತಾತನಿಗೆ ನೆನಪಿರುತ್ತದೆ. ರುಬ್ಬಿದ ರಟ್ಟೆಯ ನೋವು ಅಜ್ಜಿಗೆ ನೆನಪಿರುತ್ತದೆ. ಹಳೆಯ ಬದುಕಿನ ಸೊಗಸನ್ನು ಹೇಳುವ ಬಹಳಷ್ಟು ಮಾತುಗಳು ಉಂಡವರ ಬಾಯಿಂದ ಬಂದವು ಎಂಬುದನ್ನು ಮರೆತರೆ ಲೆಕ್ಕ ಮೊದಲ ಹಾಳೆಯಲ್ಲೇ ತಪ್ಪುತ್ತದೆ. ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಮೈಯ ಯಾವ ಭಾಗ ನೋಯುತ್ತಿತ್ತು, ಜೊತೆಗೆ ಯಾರಿರುತ್ತಿದ್ದರು, ಜ್ವರ ಬಂದ ದಿನ ಆ ಕೆಲಸವನ್ನು ಯಾರು ಮಾಡುತ್ತಿದ್ದರು ಎಂದು ಕೇಳಿ. ಎಷ್ಟು ಮಕ್ಕಳು ಹುಟ್ಟಿದ್ದರು, ಎಷ್ಟು ಉಳಿದರು ಎಂಬ ಪ್ರಶ್ನೆಯನ್ನು ಕೊನೆಗೆ, ಮೆಲ್ಲಗೆ ಕೇಳಿ. ಅದಕ್ಕೆ ಉತ್ತರ ಬರುವ ಮುನ್ನ ಸ್ವಲ್ಪ ಹೊತ್ತು ಮೌನವಿರುತ್ತದೆ, ಅವಸರ ಮಾಡಬೇಡಿ.

ಇನ್ನೊಂದು ಪ್ರಶ್ನೆಯೂ ಇರಲಿ: ಊರಿನ ಬಾವಿಗೆ ಯಾರು ಹಗ್ಗ ಇಳಿಸಬಹುದಿತ್ತು, ಯಾರು ದೂರ ನಿಂತು ಬೇರೆಯವರು ನೀರು ಹೊಯ್ಯುವುದನ್ನು ಕಾಯಬೇಕಿತ್ತು? ಬಾವಿಕಟ್ಟೆಯಲ್ಲಿ ಇದ್ದ ಒಡನಾಟ ಎಲ್ಲರ ಪಾಲಿಗೂ ಇರಲಿಲ್ಲ. ಕಾದು ನಿಂತವರ ಮನೆಗೆ ನಲ್ಲಿ ಬಂದಾಗ ಬಂದದ್ದು ನೀರಿನ ಜೊತೆಗೆ ಮರ್ಯಾದೆ.

ಇನ್ನೂ ಹಿಂದಕ್ಕೆ ಹೋದರೆ

ಅಜ್ಜಿಯ ಕಾಲವೇ ಯಾಕೆ, ಬೇಟೆ ಮತ್ತು ಗೆಡ್ಡೆಗೆಣಸಿನ ಕಾಲದವರೇ ನಿಜವಾಗಿ ಸುಖವಾಗಿದ್ದರು ಎಂಬ ವಾದವೂ ಇದೆ. ಆ ಬಗೆಯ ಬದುಕನ್ನು ಈಚಿನವರೆಗೂ ನಡೆಸಿಕೊಂಡು ಬಂದ ಸಮುದಾಯಗಳನ್ನು ಮಾನವಶಾಸ್ತ್ರಜ್ಞರು ಹತ್ತಿರದಿಂದ ನೋಡಿದ್ದಾರೆ, ಆದ್ದರಿಂದ ಊಹೆಯ ಮೇಲೆ ವಾದಿಸಬೇಕಾಗಿಲ್ಲ. ಇಂಥ ಸಮುದಾಯಗಳಲ್ಲಿ ಹುಟ್ಟಿದ ಮಕ್ಕಳ ಪೈಕಿ ಸುಮಾರು ಕಾಲುಭಾಗ ಮೊದಲ ವರ್ಷದೊಳಗೆ, ಸುಮಾರು ಅರ್ಧದಷ್ಟು ಪ್ರಾಯಕ್ಕೆ ಬರುವ ಮೊದಲೇ ತೀರಿಕೊಳ್ಳುತ್ತಿದ್ದವು. ಹಾಗೆ ಉಳಿದುಕೊಂಡವರು ಮಾತ್ರ ಎಪ್ಪತ್ತರ ಆಸುಪಾಸಿನವರೆಗೂ ಬಾಳುವುದು ಅಪರೂಪವಾಗಿರಲಿಲ್ಲ. ಬೊಲಿವಿಯಾ ದೇಶದ ಕಾಡಂಚಿನಲ್ಲಿ ಬೇಟೆ, ಮೀನು, ಸಣ್ಣ ಬೇಸಾಯಗಳಿಂದ ಬದುಕುವ ಚಿಮಾನೆ ಜನರ ಹೃದಯದ ರಕ್ತನಾಳಗಳನ್ನು ಸ್ಕ್ಯಾನ್ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 40 ದಾಟಿದವರ ಪೈಕಿ ಶೇಕಡಾ 85ರಷ್ಟು ಮಂದಿಯ ನಾಳಗಳಲ್ಲಿ ಸುಣ್ಣ ಕಟ್ಟಿರಲೇ ಇಲ್ಲ. ಅದೇ ಜನರ ಹೊಟ್ಟೆಯಲ್ಲಿ ಜಂತುಹುಳುಗಳ ಕಾಟವೂ, ಮೈಯಲ್ಲಿ ಸೋಂಕುಗಳ ಭಾರವೂ ಹೇರಳ.

ನಮ್ಮ ದೇಶದ ಕಡೆ ನೋಡಿದರೆ, ಸ್ವಾತಂತ್ರ್ಯ ಬಂದ ಕಾಲಕ್ಕೆ ಸರಾಸರಿ ಆಯುಷ್ಯ ಸುಮಾರು 32 ವರ್ಷ ಇತ್ತು, ಇಂದು 70ರ ಗಡಿಯಲ್ಲಿದೆ. ಇನ್ನೊಂದು ಕಡೆ, 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆ ಇರುವವರ ಸಂಖ್ಯೆ 10 ಕೋಟಿ ದಾಟಿದೆ. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಎದುರುಬದುರು ಬರೆದಿಟ್ಟುಕೊಳ್ಳಿ. ಹೊಸ ಕಾಲ ಮಕ್ಕಳ ಜೀವ ಉಳಿಸಿತು. ಉಳಿದವರ ನಡುವಯಸ್ಸು ಸೊರಗಿತು. ಹಾಗಾಗಿ ನಾವು ಹಳೆಯದರಿಂದ ಕಲಿಯಬೇಕಾದದ್ದು ಬಹುಪಾಲು ದೊಡ್ಡವರ ದಿನಚರಿಗೆ ಸಂಬಂಧಿಸಿದ್ದು, ಮಕ್ಕಳ ರಕ್ಷಣೆಗೆ ಸಂಬಂಧಿಸಿದ್ದಲ್ಲ.

ಚೌಕಾಸಿಗೆ ಇಳಿಯಬಾರದ ಹಾಳೆಗಳು

ಕೆಲವು ಜೋಡಿಗಳಲ್ಲಿ ತೂಗುವ ಕೆಲಸವೇ ಇಲ್ಲ. ಅವುಗಳನ್ನು ಮೊದಲೇ ಬೇರೆ ಮಾಡಿಟ್ಟುಬಿಡಿ. ಮಕ್ಕಳ ಲಸಿಕೆ ಅಂಥದ್ದು. ನಮ್ಮ ಊರೂರಿನ ಮಾರಿಗುಡಿಗಳು ಸಿಡುಬಿನ ಭಯ ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಇಂದಿಗೂ ಸಾಕ್ಷಿ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಹೆರಿಗೆಯೂ ಅಂಥದ್ದೇ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಒಂದು ಕಾಸನ್ನೂ ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು, ಮತ್ತು ಅಂಥ ಕೈಗಳ ನುರಿತ ಅನುಭವ ನಿಜಕ್ಕೂ ದೊಡ್ಡದು. ಆದರೆ ರಕ್ತಸ್ರಾವ ನಿಲ್ಲದಿದ್ದಾಗ ಬೇಕಾಗುವ ರಕ್ತವೂ ಶಸ್ತ್ರಚಿಕಿತ್ಸೆಯೂ ಮನೆಯ ಕೋಣೆಯಲ್ಲಿ ದೊರೆಯುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಾಗಲಿ. ಅಲ್ಲಿ ಕಳೆದುಹೋಗುವ ಒಳಿತು, ಅಂದರೆ ತವರಿನ ಬಾಣಂತನ, ಎಣ್ಣೆ ನೀರು, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ, ಇವನ್ನು ಮನೆಯಲ್ಲಿ ಉಳಿಸಿಕೊಳ್ಳಿ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು ಮಾತ್ರ ಬೇಡ. ಆ ಮೊದಲ ಹಾಲಿನಲ್ಲಿಯೇ ಮಗುವಿಗೆ ರೋಗ ತಡೆಯುವ ಶಕ್ತಿ ಇರುವುದು.

ನೀರಿನ ಹಾಳೆಯನ್ನೂ ಇದೇ ಗುಂಪಿಗೆ ಸೇರಿಸಬೇಕು, ಆದರೆ ಒಂದು ತಿರುವಿನೊಂದಿಗೆ. ಮೆಟ್ಟಿಲಿಳಿದು ನೀರು ತುಂಬುವ ಬಾವಿ, ಕಲ್ಯಾಣಿಗಳು ನೋಡಲು ಚೆಂದ. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬರುವ ನಾರುಹುಣ್ಣಿನ ರೋಗ ಹರಡುತ್ತಿದ್ದದ್ದು ಅಂಥ ನೀರಿನಿಂದಲೇ, ಯಾಕೆಂದರೆ ಹುಣ್ಣಿದ್ದವರು ಇಳಿದು ಕೊಡ ತುಂಬುವಾಗ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲೊಂದು. ನೀರನ್ನು ಬಟ್ಟೆಯಲ್ಲಿ ಶೋಧಿಸುವುದನ್ನು ಕಲಿಸಿ, ಮೆಟ್ಟಿಲ ಬಾವಿಗಳನ್ನು ಬದಲಿಸಿ, ಕೈಪಂಪು ಹಾಕಿದ್ದರಿಂದ ಭಾರತ 2000ದಲ್ಲಿ ಅದರಿಂದ ಮುಕ್ತವೆಂದು ಘೋಷಿತವಾಯಿತು. ಇನ್ನು ತಿರುವು: ಕೊಳವೆಬಾವಿಗಳು ಆಳಕ್ಕಿಳಿದ ಹಾಗೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ ಹೆಚ್ಚಿರುವ ನೀರು ಮೇಲೆ ಬಂದು, ಹಲ್ಲು ಮಚ್ಚೆಯಾಗುವ, ಮೂಳೆ ಬಿಗಿಯುವ ತೊಂದರೆ ತಂದಿತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಕೊಳವೆಬಾವಿ ನೀರು ಕುಡಿಯುವವರು ಅದನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲು ಬೇರೆ ನೀರು ನೋಡಿಕೊಳ್ಳಲೇಬೇಕು. ಇಲ್ಲಿ ಹಿರಿಯರ ಒಂದು ಅಭ್ಯಾಸ ಹೊಸ ಕಾಲಕ್ಕೂ ಹೊಂದುತ್ತದೆ: ಮೊದಲ ಮಳೆ ಸೂರು ತೊಳೆದ ಮೇಲೆ ಬೀಳುವ ನೀರನ್ನು ಹಿಡಿದು, ಮುಚ್ಚಿದ ತೊಟ್ಟಿಯಲ್ಲಿಟ್ಟು, ಶೋಧಿಸಿ ಕುದಿಸಿ ಕುಡಿಯುವುದು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಒಲೆಯ ಹಾಳೆ

ಸೌದೆ ಒಲೆಯ ರುಚಿಯ ಬಗ್ಗೆ ಮಾತಾಡುವಾಗ ಅದರ ಹೊಗೆಯ ಬಗ್ಗೆಯೂ ಅಷ್ಟೇ ಹೊತ್ತು ಮಾತಾಡಬೇಕು. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಮಂದಿ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಊದುಗೊಳವೆಗೆ ಬಾಯಿಟ್ಟು ಕೂತವರ ಕೆಮ್ಮು, ಮಂಜಾದ ಕಣ್ಣು, ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸಿನ ಉಬ್ಬಸ, ಇವೆಲ್ಲ ಆ ಹೊಗೆಯಿಂದಲೇ ಬಂದವು. ಹಾಗಾದರೆ ಈ ಹಾಳೆಯ ಹೋದ ಒಳಿತು ಯಾವುದು? ಮಣ್ಣಿನ ಮಡಕೆಯಲ್ಲಿ ನಿಧಾನ ಬೆಂದ ಸಾರು ಮತ್ತು ಒಲೆಯ ಸುತ್ತ ಎಲ್ಲರೂ ಕೂಡುತ್ತಿದ್ದ ಬೆಚ್ಚನೆಯ ಸಂಜೆ. ಮೊದಲನೆಯದಕ್ಕೆ ಸಣ್ಣ ಉರಿಯ ಗ್ಯಾಸಿನ ಮೇಲೆ ಮಡಕೆ ಇಟ್ಟರೆ ಸಾಕು. ಎರಡನೆಯದಕ್ಕೆ ಅಡುಗೆಮನೆಯಲ್ಲಿ ಇನ್ನಿಬ್ಬರಿಗೆ ಕೂರಲು ಜಾಗ ಮಾಡಿ, ಸೊಪ್ಪು ಬಿಡಿಸುವ, ಅವರೆಕಾಯಿ ಸುಲಿಯುವ ಕೆಲಸವನ್ನು ಅವರ ಮುಂದಿಡಿ.

ತೋಟದ ಸೌದೆ ಕೈಗೆ ಸಿಗುವ ಊರಿನಲ್ಲಿ ಬಚ್ಚಲ ಹಂಡೆಗಾದರೂ ಒಲೆ ಬೇಕೆನ್ನುವವರು ಹೊಗೆ ಕೊಳವೆ ಇರುವ ಒಲೆಯನ್ನೇ ಕಟ್ಟಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಇದಕ್ಕೆ ಒಳ್ಳೆಯ ಮಾದರಿ. ಬೆಂಕಿಯ ಗೂಡಿಗೆ ಗಾಳಿ ಎಲ್ಲಿಂದ ಎಷ್ಟು ಬರಬೇಕು, ಬಿಸಿ ಗಾಳಿ ಮೊದಲ ಪಾತ್ರೆಯಿಂದ ಮುಂದಿನ ಪಾತ್ರೆಯ ಕೆಳಗೆ ಹೇಗೆ ಹಾಯಬೇಕು ಎಂದು ಅಳೆದು ಕಟ್ಟಿದ್ದರಿಂದ ಅದರಲ್ಲಿ ಸೌದೆಯೂ ಉಳಿಯಿತು, ಹೊಗೆ ಸೂರಿನಾಚೆಗೂ ಹೋಯಿತು. ಹಳೆಯ ಒಲೆಯನ್ನು ಗೌರವಿಸುವ ಸರಿಯಾದ ಬಗೆ ಇದು ಎಂದು ನನಗೆ ಅನ್ನಿಸುತ್ತದೆ.

ತಟ್ಟೆ ಮತ್ತು ಮೈ

ಬೀಸುವುದು, ಕುಟ್ಟುವುದು, ಸೇದುವುದು, ಹೊರುವುದು, ಇವಿಷ್ಟೂ ಹೋದ ಮೇಲೆ ಮೈಗೆ ಉಳಿದ ಕೆಲಸ ತೀರಾ ಕಡಿಮೆ. ತಟ್ಟೆಯ ಅಳತೆ ಮಾತ್ರ ಹಾಗೇ ಉಳಿಯಿತು. ಉಳುವವನ ಮುದ್ದೆಯನ್ನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಉಣ್ಣುತ್ತಿದ್ದೇವೆ, ಇಲ್ಲವೇ ಮುದ್ದೆಯ ಜಾಗಕ್ಕೆ ಪಾಲಿಶ್ ಮಾಡಿದ ಅಕ್ಕಿಯನ್ನು ತಂದುಕೊಂಡಿದ್ದೇವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಹೆಸರಿಗಷ್ಟೇ. ಹೀಗಾಗಿ ದಿನದ ಒಂದು ಊಟ ರಾಗಿಗೆ ಮರಳಲಿ. ಆದರೆ ರಾಗಿ ಎಂದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಎಂದು ನಂಬಬೇಡಿ: ನುಣ್ಣಗೆ ಬೀಸಿದ ಹಿಟ್ಟಿನ ತಿಳಿಗಂಜಿಯೂ ಮಾಲ್ಟೂ ಅದನ್ನು ಬೇಗ ಏರಿಸುತ್ತವೆ. ಹಿರಿಯರ ಊಟದಲ್ಲಿ ಮುದ್ದೆ ಒಂಟಿಯಾಗಿರಲಿಲ್ಲ. ಜೊತೆಗೆ ಬಸ್ಸಾರು, ಉಪ್ಸಾರು, ಹೊಲದಂಚಿನ ಸೊಪ್ಪು, ಮೊಳಕೆ ಹುರುಳಿ ಇರುತ್ತಿದ್ದವು. ಮುದ್ದೆ ಸಣ್ಣದಾಗಲಿ, ಸೊಪ್ಪು ಕಾಳು ಅದರ ಎರಡರಷ್ಟಾಗಲಿ. ಅಂದಹಾಗೆ, ನಾವಿಂದು ತಿನ್ನುವ ರಾಗಿಯೂ ಶುದ್ಧ ಹಳೆಯದಲ್ಲ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಮಂಡ್ಯದಲ್ಲಿ ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದರಿಂದ ಇಳುವರಿ ಏರಿ, ಒಣಭೂಮಿಯ ರೈತ ರಾಗಿಯನ್ನು ಕೈಬಿಡದೆ ಉಳಿದ. ಹಳೆಯ ಅನ್ನವನ್ನು ಉಳಿಸಿದ್ದು ಹೊಸ ಪ್ರಯೋಗಶಾಲೆ.

ಮೈಯ ವಿಷಯದಲ್ಲಿ ಟಾಂಜಾನಿಯಾದ ಹಾಡ್ಜಾ ಜನರಿಂದ ಒಂದು ಮಾತು ಕಲಿಯಬಹುದು. ಬೇಟೆಗಾರರಾದ ಅವರೂ ದಿನಕ್ಕೆ ಹತ್ತಿರಹತ್ತಿರ 10 ಗಂಟೆ ಕೂತೇ ಇರುತ್ತಾರೆ ಎಂದು ಅಳತೆಗಳು ತೋರಿಸಿವೆ. ವ್ಯತ್ಯಾಸವಿರುವುದು ಕೂರುವ ರೀತಿಯಲ್ಲಿ. ಅವರು ಕುಕ್ಕರುಗಾಲಿನಲ್ಲಿ ಅಥವಾ ಮಂಡಿಯೂರಿ ಕೂರುವುದರಿಂದ ಕಾಲಿನ ಸ್ನಾಯುಗಳು ಪೂರಾ ಸುಮ್ಮನಾಗುವುದಿಲ್ಲ. ನಮ್ಮ ಹಿರಿಯರು ಉಣ್ಣಲು, ಹೆಚ್ಚಲು, ರಂಗೋಲಿ ಇಡಲು, ಬಟ್ಟೆ ಒಗೆಯಲು ದಿನಕ್ಕೆ ಹತ್ತಾರು ಸಲ ನೆಲಕ್ಕೆ ಇಳಿದು ಏಳುತ್ತಿದ್ದರು. ವಾಷಿಂಗ್ ಮಷೀನನ್ನು ಮಾರಬೇಕಾಗಿಲ್ಲ. ದಿನದ ಒಂದು ಊಟವನ್ನೂ ತರಕಾರಿ ಹೆಚ್ಚುವುದನ್ನೂ ನೆಲದ ಮೇಲೆ ಇಟ್ಟುಕೊಳ್ಳಿ. ಈಗಾಗಲೇ ಮಂಡಿ ಸವೆದವರು ಇದನ್ನು ಮಾಡಬಾರದು. ಅವರಿಗೆ ಎತ್ತರದ ಕಮೋಡು ಮತ್ತು ಕುರ್ಚಿ ಹೊಸ ಕಾಲ ಕೊಟ್ಟ ದೊಡ್ಡ ಉಪಕಾರ. ಬರಿಗಾಲಿನ ನಡಿಗೆಯನ್ನು ಹೊಗಳುವವರಿಗೆ ಒಂದು ಎಚ್ಚರಿಕೆ: ಹೇಸಿಗೆ ಸೇರಿದ ಒದ್ದೆ ಮಣ್ಣಿನಿಂದ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಮೈ ಸೇರಿ ರಕ್ತಹೀನತೆ ತರುತ್ತದೆ. ಚಪ್ಪಲಿ ಹಾಕಿಕೊಂಡೇ ನಡೆಯಿರಿ.

ದೀಪ, ನಿದ್ದೆ, ಫೋನು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅಲ್ಲಿಂದೀಚೆಗೆ ಕತ್ತಲೆ ನಮ್ಮಿಂದ ದೂರವಾಗುತ್ತ ಬಂದಿದೆ. ಹಿಂದಿನವರು ಕತ್ತಲಾದೊಡನೆ ಮಲಗಿ ಹತ್ತು ಗಂಟೆ ನಿದ್ದೆ ಮಾಡುತ್ತಿದ್ದರು ಎಂಬ ನಂಬಿಕೆ ಸರಿಯಲ್ಲ. ಹಾಡ್ಜಾ, ಚಿಮಾನೆ ಮತ್ತು ನಮೀಬಿಯಾದ ಸಾನ್ ಜನರ ನಿದ್ದೆಯನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನ, ಅವರು ಸೂರ್ಯ ಮುಳುಗಿ ಸುಮಾರು ಮೂರು ಗಂಟೆಯ ನಂತರ ಮಲಗಿ, ಸರಾಸರಿ 6ರಿಂದ 7 ಗಂಟೆಯಷ್ಟೇ ನಿದ್ದೆ ಮಾಡಿ, ಬಹುಪಾಲು ಬೆಳಕು ಹರಿಯುವ ಮುನ್ನ ಏಳುತ್ತಿದ್ದರೆಂದು ಕಂಡುಕೊಂಡಿತು. ಆದರೆ ನಿದ್ದೆ ಬಾರದ ಕಾಯಿಲೆ ಅವರಲ್ಲಿ ಬಲು ಅಪರೂಪ. ನಾವು ಕಳೆದುಕೊಂಡಿರುವುದು ನಿದ್ದೆಯ ಗಂಟೆಗಳಿಗಿಂತ ಹೆಚ್ಚಾಗಿ ಅದರ ಕಟ್ಟುನಿಟ್ಟಾದ ಹೊತ್ತನ್ನು. ಮಲಗುವ ಒಂದು ಗಂಟೆ ಮೊದಲು ಮೇಲಿನ ಟ್ಯೂಬ್‌ಲೈಟು ಆರಿಸಿ ಮೂಲೆಯ ಸಣ್ಣ ದೀಪವೊಂದನ್ನು ಉಳಿಸಿ, ಫೋನನ್ನು ಮಲಗುವ ಕೋಣೆಯಾಚೆ ಚಾರ್ಜಿಗಿಡಿ, ಬೆಳಗ್ಗೆ ಎದ್ದ ಅರ್ಧ ಗಂಟೆಯೊಳಗೆ ಅಂಗಳಕ್ಕೋ ಮಹಡಿಗೋ ಹೋಗಿ ಬೆಳಕಿಗೆ ಮುಖ ಕೊಡಿ.

ಫೋನಿನ ಹಾಳೆ ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಅದು ತೆಗೆದ ನೋವೂ ದೊಡ್ಡದು. ಅಮೆರಿಕದಲ್ಲಿರುವ ಮೊಮ್ಮಗಳ ಮುಖವನ್ನು ದಿನವೂ ನೋಡುವ ಅಜ್ಜಿಯ ಹಿಂದೆ, ಊರು ಬಿಟ್ಟ ಮಗನ ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದ ಎಷ್ಟೋ ತಾಯಂದಿರಿದ್ದಾರೆ. ಅದು ಕೊಂಡೊಯ್ದದ್ದು ಜಗಲಿಯನ್ನು, ಅಂದರೆ ಯಾವ ಕಾರಣವೂ ಇಲ್ಲದೆ ಪಕ್ಕದಲ್ಲಿ ಬಂದು ಕೂರುವ ಮನುಷ್ಯರನ್ನು. ದೂರದವರಿಗೆ ಫೋನು, ಹತ್ತಿರದವರಿಗೆ ಕಾಲ್ನಡಿಗೆ ಎಂಬ ಒಂದೇ ನಿಯಮವನ್ನು ಎರಡು ವಾರ ಪಾಲಿಸಿ ನೋಡಿ: ಅರ್ಧ ಮೈಲಿಯೊಳಗಿನ ಯಾರೊಡನೆಯಾದರೂ ಹೇಳಬೇಕಾದ ಮಾತಿದ್ದರೆ ನಡೆದು ಹೋಗಿ ಹೇಳುವುದು. ಬಿತ್ತನೆ ಕೊಯ್ಲುಗಳಲ್ಲಿ ಇಂದು ನಿಮ್ಮ ಹೊಲ ನಾಳೆ ನಮ್ಮ ಹೊಲ ಎಂದು ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿಯನ್ನು ಅಪಾರ್ಟ್‌ಮೆಂಟಿನಲ್ಲೂ ನಡೆಸಬಹುದು. ಹಪ್ಪಳ ಸಂಡಿಗೆ ಇಡುವುದಕ್ಕೆ, ಬಾಣಂತಿಯ ಮನೆಗೆ ಅಡುಗೆ ಕಳಿಸುವುದಕ್ಕೆ, ಆಸ್ಪತ್ರೆಯಲ್ಲಿ ಸರದಿಯ ಮೇಲೆ ಕೂರುವುದಕ್ಕೆ.

ಅಳೆದು ನೋಡುವುದು

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ಹಾಳೆಯಿಂದ ಒಂದೇ ಬದಲಾವಣೆಯನ್ನು ಆರಿಸಿ ಮೂರು ವಾರ ನಡೆಸಿ. ಆರಂಭದ ದಿನ ಮತ್ತು ಕೊನೆಯ ದಿನ ಕೆಲವನ್ನು ಬರೆದಿಡಿ: ಮಲಗಿದ ಮತ್ತು ಎದ್ದ ಹೊತ್ತು, ಕೈಯೂರದೆ ನೆಲದಿಂದ ಏಳಲು ಆಗುತ್ತದೆಯೇ ಎಂಬುದು, ಆ ವಾರ ಎದುರು ಕೂತು ಮಾತಾಡಿದವರ ಸಂಖ್ಯೆ, ಸೊಂಟದ ಸುತ್ತಳತೆ. ಸಕ್ಕರೆ ಅಥವಾ ಬಿಪಿ ಇರುವವರು ಬೆಳಗಿನ ಖಾಲಿ ಹೊಟ್ಟೆಯ ಅಳತೆಗಳನ್ನೂ ಸೇರಿಸಲಿ, ಮತ್ತು ಇದಾವುದನ್ನೂ ನೆಚ್ಚಿ ಮಾತ್ರೆಯನ್ನು ತಾವಾಗಿ ನಿಲ್ಲಿಸದಿರಲಿ. ಇನ್ನೊಂದು ಸಾಲು ಕಡ್ಡಾಯವಾಗಿ ಇರಲಿ: ಈ ಬದಲಾವಣೆಯ ಕೆಲಸ ಯಾರ ಮೇಲೆ ಬಿತ್ತು? ಮನೆಮಂದಿಗೆಲ್ಲ ಹಳೆಯ ಕಾಲದ ಊಟ ಬೇಕಾಗಿ, ಸೊಪ್ಪು ಬಿಡಿಸಿ ಕಾಳು ಮೊಳಕೆ ಕಟ್ಟುವ ಕೆಲಸವೆಲ್ಲ ಕಚೇರಿಯಿಂದ ಬಂದ ಒಬ್ಬ ಹೆಣ್ಣುಮಗಳ ಹೆಗಲೇರಿದ್ದರೆ ಮರಳಿ ಬಂದದ್ದು ಹಳೆಯ ನೋವು. ಆ ಬದಲಾವಣೆಯನ್ನು ಹಂಚಿಕೊಳ್ಳಿ, ಆಗದಿದ್ದರೆ ಕೈಬಿಡಿ.

ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಉಳಿದೆಲ್ಲಕ್ಕಿಂತ ಮೊದಲು ಅವರೊಡನೆ ಕೂರುವ ಕೆಲಸ ಆಗಲಿ. ಬೆಳಗಿನ ಹೊತ್ತು, ಅವರಿಗೆ ದಣಿವಾಗುವ ಮುನ್ನ, ಫ್ಯಾನು ಆರಿಸಿ ಫೋನನ್ನು ಅವರ ಮಂಡಿಯ ಹತ್ತಿರವಿಟ್ಟು ದನಿ ಮುದ್ರಿಸಿಕೊಳ್ಳಿ. ಬೀಸುವ ಪದ ಹೇಳಿ ಎಂದು ಬರಿದೇ ಕೇಳಿದರೆ ಬಹಳ ಜನಕ್ಕೆ ನೆನಪಾಗುವುದಿಲ್ಲ. ಅಟ್ಟದಲ್ಲೋ ಹಿತ್ತಿಲಲ್ಲೋ ಬಿದ್ದಿರುವ ಕಲ್ಲನ್ನು ತಂದು ತೊಳೆದು ಮುಂದಿಟ್ಟು, ಒಂದು ಹಿಡಿ ರಾಗಿ ಹಾಕಿ ಗೂಟವನ್ನು ಅವರ ಕೈಗೆ ಕೊಡಿ, ಎದುರಿಗೆ ನೀವೂ ಕೂತು ಕೈಗೂಡಿಸಿ. ಕಲ್ಲು ತಿರುಗತೊಡಗಿದ ಮೇಲೆ ಪದ ತಾನಾಗಿ ಬರುತ್ತದೆ.